ಜೋಳಿಗೆ ಮತ್ತು ಬಕೆಟ್ಟು

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎಂಬ ನಿಯಮವನ್ನು ಯಾರು ಮಾಡಿದರೋ ಗೊತ್ತಿಲ್ಲ. ಬದುಕಿದ್ದಾಗ ಸ್ವಲ್ಪ ಕೆಟ್ಟದ್ದು ಮಾಡಿಟ್ಟವರೇ ಮಾಡಿರಬೇಕು. ಕೊಪ್ಪಳದಲ್ಲಿ ನಮ್ಮ ಸರ್ ತೀರಿಕೊಂಡ ಮೇಲೆ ನಡೆದ ನುಡಿನಮನದಲ್ಲಿ ಎಲ್ಲರೂ ಆ ನಿಯಮವನ್ನು ಶಿಸ್ತಾಗಿ ಪಾಲಿಸಿದರು. ಒಬ್ಬರು ಅವರನ್ನು ದೀಪ ಎಂದರು, ಇನ್ನೊಬ್ಬರು ಆಲದ ಮರ ಎಂದರು, ಮೂರನೆಯವರು ಎರಡನ್ನೂ ಕೂಡಿಸಿ ಮರದ ಕೆಳಗಿನ ದೀಪ ಎಂದರು. ಅವರ ಶಿಷ್ಯೆ ಎಂಬ ಲೆಕ್ಕದಲ್ಲಿ ನನ್ನ ಹೆಸರೂ ಭಾಷಣಕಾರರಲ್ಲಿತ್ತು. ನಾನು ಮಾತಾಡಲಿಲ್ಲ. ಆಡದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಹಾಕಿದರೆ ಓದುವವರು ಹೆಸರಿಗೆ ಕೈಮುಗಿದು ಉಳಿದದ್ದನ್ನು ಬಿಟ್ಟುಬಿಡುತ್ತಾರೆ.

ನೆನೆದರೆ ಮೊದಲು ಕಣ್ಣಿಗೆ ಬರುವುದು ಅವರ ಬಾಯಿ. ಮಾತು ರಂಗೇರಿದ ಹಾಗೆ ತುಟಿಯ ಎರಡೂ ಮೂಲೆಗಳಲ್ಲಿ ಬಿಳಿ ನೊರೆ ಕಟ್ಟುತ್ತಿತ್ತು. ಹೆಗಲ ಮೇಲಿನ ಶಲ್ಯದ ತುದಿಯಿಂದ ಅದನ್ನು ಒರೆಸಿಕೊಳ್ಳುತ್ತಿದ್ದರು, ಆಮೇಲೆ ಅದೇ ತುದಿಯಿಂದ ಕನ್ನಡಕವನ್ನು. ಪುಟ ತಿರುವಲು ಹೆಬ್ಬೆರಳನ್ನು ನಾಲಗೆಗೆ ಮುಟ್ಟಿಸುತ್ತಿದ್ದರು. ಅವರು ಓದಿ ಕೊಟ್ಟ ಪುಸ್ತಕಗಳ ಮೂಲೆಗಳು ಯಾವಾಗಲೂ ಸ್ವಲ್ಪ ಉಬ್ಬಿರುತ್ತಿದ್ದವು. ಕಾಲೇಜಿನಲ್ಲಿದ್ದಾಗ ಆ ಉಬ್ಬನ್ನು ನಾನು ಜ್ಞಾನದ ಗುರುತೆಂದು ತಿಳಿದಿದ್ದೆ.

ಅವರು ನನಗೆ ಚರ್ಚಾಸ್ಪರ್ಧೆ ಕಲಿಸಿದವರು. ಕಾಲೇಜಿನ ಹಿಂದಿನ ಬೇವಿನ ಮರದ ಕೆಳಗೆ ನಮ್ಮನ್ನು ಕೂಡಿಸಿ, ವೇಳೆ ಮುಗಿದಾಗ ಬಾರಿಸಲು ಒಂದು ಹಿತ್ತಾಳೆಯ ಮೇಜುಗಂಟೆ ಇಟ್ಟುಕೊಂಡು, ಎರಡು ಚೀಟಿ ಮಡಚಿ ಹಾಕುತ್ತಿದ್ದರು. ಒಂದರಲ್ಲಿ ಪರ, ಒಂದರಲ್ಲಿ ವಿರೋಧ. ಯಾವುದು ಕೈಗೆ ಬಂತೋ ಅದೇ ನಿನ್ನ ನಂಬಿಕೆ. ನಾನು ಹಾಗೆ ನಂಬಿಲ್ಲ ಸರ್ ಎಂದರೆ, ನಂಬಿಕೆ ಮನೀಗೆ ಹೋಗಿ ಇಟಗೋ, ಇಲ್ಲಿ ಚೀಟಿ ಏನ್ ಹೇಳತೈತಿ ಅದನ್ನ ಆಡು ಎನ್ನುತ್ತಿದ್ದರು. ಎದುರಿನವನ ಮಾತಿಗೆ ಉತ್ತರ ಕೊಡಬೇಡ, ಸಭೆಯನ್ನು ನಗಿಸು. ಸಭೆ ನಕ್ಕಿತೆಂದರೆ ಅವನು ಸರಿಯಾಗಿದ್ದರೂ ಸೋತ. ಇದು ಅವರ ಮೊದಲ ಪಾಠ, ಕೊನೆಯದೂ.

ಒಮ್ಮೆ ಹೆಣ್ಣುಮಕ್ಕಳಿಗೆ ಉನ್ನತ ಶಿಕ್ಷಣ ಬೇಕು ಎಂಬ ವಿಷಯಕ್ಕೆ ನನಗೆ ವಿರೋಧದ ಚೀಟಿ ಬಂತು. ಗಂಗಾವತಿಯ ಒಂದು ಸಭಾಂಗಣದಲ್ಲಿ, ಮುಂದಿನ ಸಾಲಿನಲ್ಲಿ ಕೂತ ಅಪ್ಪ ಅವ್ವನ ಎದುರಿಗೇ, ಹೆಣ್ಣು ಕಲಿತು ಕೆಟ್ಟಳು ಎಂದು ನಾನು ಎಷ್ಟು ಚೆನ್ನಾಗಿ ಸಾಧಿಸಿದೆನೆಂದರೆ ಬಹುಮಾನದ ಕಪ್ಪು ನನಗೇ ಬಂತು. ಮನೆಗೆ ಬಂದು ಅಪ್ಪ ಕಪ್ಪನ್ನು ಟೀವಿಯ ಮೇಲಿಟ್ಟು, ಪಿಯುಸಿ ಸಾಕು, ಇನ್ನು ಡಿಗ್ರಿಗೆ ಕಳಿಸುವುದು ಬೇಡ ಎಂದರು. ಅವ್ವ ಬಾಯಿ ತೆರೆದರೆ, ಆಕೀನ ಹೇಳ್ಯಾಳಲ್ಲ, ಕಪ್ಪೂ ಕೊಟ್ಟಾರ ಎಂದರು. ಮರುದಿನ ಸರ್ ಮನೆಗೆ ಬಂದರು. ಅರ್ಧ ಗಂಟೆ ಪರವಾಗಿ ಮಾತಾಡಿದರು, ಅಪ್ಪನನ್ನು ಎರಡು ಸಲ ನಗಿಸಿದರು, ಚಹಾ ಕುಡಿದರು, ಹೋದರು. ನಾನು ಡಿಗ್ರಿ ಮಾಡಿದೆ. ಇದನ್ನು ನಾವು ಎಷ್ಟೋ ವರ್ಷ ನಗುತ್ತಾ ಹೇಳಿಕೊಂಡೆವು. ಬೆಂಕಿ ಹಚ್ಚಿದವರೇ ನೀರು ತಂದರು ಎಂಬುದರಲ್ಲಿ ಅಷ್ಟೊಂದು ನಗುವುದೇನಿತ್ತು ಎಂದು ಈಗ ಅನ್ನಿಸುತ್ತದೆ.

ಎದುರು ಪಕ್ಷದ ವಾದವನ್ನೂ ಇಟ್ಟುಬಿಡುತ್ತೇನೆ, ಇಲ್ಲದಿದ್ದರೆ ಅವರೇ ಬಂದು ಗಂಟೆ ಬಾರಿಸಿಯಾರು. ಸರ್ ಒಳ್ಳೆಯ ಕೆಲಸ ಮಾಡಿದ್ದಾರೆ. ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ, ಕಣ್ಣು ಕುಕ್ಕುವ ಬಿಸಿಲಿನಲ್ಲಿ, ಕಾವಿ ಬಟ್ಟೆಯ ಒಂದು ಜೋಳಿಗೆಯನ್ನು ತೋಳಿಗೆ ತೂಗುಹಾಕಿಕೊಂಡು ಅವರು ಮನೆಮನೆ ತಿರುಗಿದ್ದಾರೆ. ಅದು ಹಿಟ್ಟು ಬೇಡುವ ಜೋಳಿಗೆಯಲ್ಲ, ಚಟ ಬೇಡುವ ಜೋಳಿಗೆ. ಬಾಗಿಲ ಮುಂದೆ ನಿಂತು, ಯವ್ವಾ, ನಿಮ್ಮನೀ ಚಟ ನೀಡ್ರಿ ಎನ್ನುತ್ತಿದ್ದರು. ಒಬ್ಬ ಗುಟ್ಕಾ ಚೀಟು ಹಾಕುತ್ತಿದ್ದ, ಇನ್ನೊಬ್ಬ ಇಸ್ಪೀಟು ಕಟ್ಟು. ಕುಡಿಯುವವನು ಬರಿಗೈಯನ್ನು ಜೋಳಿಗೆಯೊಳಗೆ ಇಳಿಸಿ, ಹಾಕಿದೆ ಎಂದು ಮೂರು ಸಲ ಹೇಳಿ, ಕೈ ತೆಗೆಯಬೇಕು. ಮುಗಿಯಿತು; ಅವನ ಕುಡಿತ ಅಂದಿನಿಂದ ಸರ್ ಹತ್ತಿರ. ಹುಲಿಗಿಗೆ ಹೋಗಿ ಹುಲಿಗೆಮ್ಮನ ಮುಂದೆ ಆಣೆ ಮಾಡಿದರೆ ಆಗುವುದಿಲ್ಲವೇ ಎಂದು ಯಾರೋ ಕೇಳಿದಾಗ ಅವರು ಕೊಟ್ಟ ಉತ್ತರ ಜಿಲ್ಲೆಯಲ್ಲೆಲ್ಲ ಓಡಾಡಿತ್ತು: "ಅವ್ವ ಬಂದು ಕೇಳಂಗಿಲ್ಲ. ನಾ ಬಂದು ಕೇಳ್ತೀನಿ."

ಹಾಗೆ ಕೈ ಇಳಿಸಿದವರಲ್ಲಿ ಒಬ್ಬ ಹನುಮಸಾಗರದ ಶರಣಪ್ಪ. ದಾಳಿಂಬೆಗೆ ರೋಗ ಬಂದು ಗಿಡ ಕಿತ್ತುಹಾಕಿ ದ್ರಾಕ್ಷಿ ಹಚ್ಚಿದ್ದ ರೈತ. ಕುಡಿದರೆ ಅವನು ಹೊಡೆಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ತೋಟದಲ್ಲಿ ಎಲ್ಲೆಂದರಲ್ಲಿ ಬಿದ್ದುಬಿಡುತ್ತಿದ್ದ. ಅವನ ಹೆಂಡತಿ ನೀಲವ್ವ ಕತ್ತಲಾದ ಮೇಲೆ ಚಪ್ಪರದ ಸಾಲುಸಾಲಿನಲ್ಲಿ ಬ್ಯಾಟರಿ ಹಿಡಿದು ಗಂಡನನ್ನು ಹುಡುಕುತ್ತಿದ್ದಳು. ಜೋಳಿಗೆಗೆ ಹಾಕಿಸಿಕೊಂಡ ಮೇಲೆ ಸರ್ ಅವನಿಗೆ ಒಂದು ಉಪಾಯ ಹೇಳಿದರು. ಕುಡಿಯುವ ಹೊತ್ತಿಗೆ ಸರಿಯಾಗಿ ಸೈಕಲ್ ಹತ್ತು, ಕುಷ್ಟಗಿ ರಸ್ತೆ ಹಿಡಿ, ಕಾಲು ಸೋಲುವ ತನಕ ತುಳಿ, ತಿರುಗಿ ಬಾ. ಶರಣಪ್ಪ ಅದನ್ನು ವ್ರತದಂತೆ ಮಾಡಿದ. ಸಂಜೆಯಾದರೆ ಧೋತರ ಎತ್ತಿಕಟ್ಟಿ ತುಳಿಯುತ್ತಾ ಹೊರಟ ಅವನನ್ನು ನೋಡಿ ರಸ್ತೆಯ ಬದಿಯ ಹಳ್ಳಿಗಳವರು, ಹೊಂಟ ನೋಡು, ದೆವ್ವ ಬೆನ್ನ ಹತ್ತೈತಿ ಎಂದು ಚೇಷ್ಟೆ ಮಾಡುತ್ತಿದ್ದರಂತೆ. ಅವನೂ ನಗುತ್ತಿದ್ದನಂತೆ, ದೆವ್ವ ಹಿಂದ ಐತಿ, ಅದಕ್ಕ ಗಾಲಿ ಇಲ್ಲ ಎಂದು. ವರ್ಷಗಟ್ಟಲೆ ಒಂದು ಹನಿ ಮುಟ್ಟಲಿಲ್ಲ.

ಈಗ ಫ್ರಾನ್ಸಿಗೆ ಬರೋಣ. ಕೊಪ್ಪಳದವಳು ಫ್ರಾನ್ಸಿಗೆ ಬರೋಣ ಎಂದರೆ ಜನ ನಗುತ್ತಾರೆ, ಆದರೆ ನಾವು ಹೋಗಿದ್ದು ನಿಜ. ಕೊಪ್ಪಳ ಗಂಗಾವತಿಯ ಉಳ್ಳವರಿಗೆ ಸೈಕಲ್ ಹುಚ್ಚು ಹಿಡಿದ ಕಾಲ ಇದು. ಭಾನುವಾರ ಬೆಳಿಗ್ಗೆ ಮೈಗಂಟುವ ಬಣ್ಣದ ಬಟ್ಟೆ ತೊಟ್ಟು, ತಲೆಗೆ ಚಿಪ್ಪಿನಂಥ ಟೋಪಿ ಬಿಗಿದು, ಸಾಣಾಪುರದ ಕೆರೆಯ ತನಕ ತುಳಿದು, ಅಲ್ಲಿ ಮಿರ್ಚಿ ತಿಂದು, ಜೀಪಿನಲ್ಲಿ ಸೈಕಲ್ ಹೇರಿಕೊಂಡು ಮನೆಗೆ ಹೋಗುತ್ತಾರೆ. ಆ ಗುಂಪಿಗೆ ಸರ್ ಅಧ್ಯಕ್ಷರು. ತಾನು ಬದಲಾಯಿಸಿದ ಮನುಷ್ಯ ಎಂದು ತೋರಿಸಲು ಶರಣಪ್ಪನನ್ನೂ ಸೇರಿಸಿಕೊಂಡಿದ್ದರು. ಬರ್ಗಂಡಿ ಎಂಬ ಸೀಮೆಯ ದ್ರಾಕ್ಷಿ ತೋಟಗಳ ನಡುವೆ ಸೈಕಲ್ ತುಳಿಯುವ ಪ್ರವಾಸ ಎಂದು ಯಾವುದೋ ಕಂಪನಿ ಬಣ್ಣದ ಹಾಳೆ ಕಳಿಸಿದಾಗ ಗುಂಪಿನವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದ್ರಾಕ್ಷಿ ಬೆಳೆಯುವವ ದ್ರಾಕ್ಷಿಯ ತವರು ನೋಡಬೇಕು ಎಂದು ಶರಣಪ್ಪನನ್ನು ಒಪ್ಪಿಸಿದವರು ಸರ್. ನಾನು ಸಾಣಾಪುರದಲ್ಲಿ ಗೈಡ್ ಕೆಲಸ ಮಾಡುವವಳು, ಅಲ್ಲಿಗೆ ಬರುವ ಫ್ರೆಂಚರ ಜೊತೆ ಆಡಿ ಆಡಿ ಹೊಟ್ಟೆಪಾಡಿನ ಫ್ರೆಂಚ್ ಕಲಿತವಳು. ಗುಂಪಿಗೆ ಬಾಯಿ ಬೇಕಿತ್ತು, ನನ್ನನ್ನು ಕರೆದುಕೊಂಡು ಹೋದರು.

ಸಹಪ್ರಯಾಣಿಕರ ಬಗ್ಗೆ ಎರಡು ಮಾತು ಸಾಕು, ಹೆಚ್ಚು ಬರೆದರೆ ಊಟ ಸೇರುವುದಿಲ್ಲ. ಗಂಗಾವತಿಯ ರೈಸ್ ಮಿಲ್ ಸಾಹುಕಾರರು ಪ್ರತಿ ಶಿಲುಬೆ, ಪ್ರತಿ ಗೋಡೆ, ಪ್ರತಿ ಬಳ್ಳಿಯ ಮುಂದೆ ಹೊಟ್ಟೆ ಒಳಗೆಳೆದುಕೊಂಡು ಫೋಟೊ ತೆಗೆಸಿಕೊಂಡು, ಫೋಟೊ ಮುಗಿದೊಡನೆ ಹೊಟ್ಟೆ ಬಿಟ್ಟು ಏದುಸಿರು ಬಿಡುತ್ತಿದ್ದರು. ಕೊಪ್ಪಳದ ಹಲ್ಲಿನ ಡಾಕ್ಟರು, ಮಂದಿಯ ಬಾಯಿ ತೆರೆಸಿ ತಂಬಾಕು ಬಿಡಿ ಎಂದು ಗದರುವವರು, ಸೂಟ್‌ಕೇಸಿನ ಸಾಕ್ಸಿನೊಳಗೆ ಗುಟ್ಕಾ ತುಂಬಿಕೊಂಡು ಬಂದಿದ್ದರು. ಕಲ್ಲುಗೋಡೆಗಳ ಆ ಚೊಕ್ಕ ಹಳ್ಳಿಗಳಲ್ಲಿ, ಸಾಲು ಮುಗಿಯುವಲ್ಲೆಲ್ಲ ಒಂದೊಂದು ಗುಲಾಬಿ ಗಿಡ ನೆಟ್ಟ ತೋಟಗಳಲ್ಲಿ, ಡಾಕ್ಟರು ಸೈಕಲ್ಲಿನ ಮೇಲಿಂದಲೇ ಕೆಂಪಗೆ ಉಗುಳುತ್ತಾ ಹೋದರು. ಹಿಂದೆ ಬರುತ್ತಿದ್ದ ನನ್ನ ಚಕ್ರ ಅದರ ಮೇಲೆ ಹಾಯುತ್ತಿತ್ತು. ಸರ್ ಎಲ್ಲರಿಗಿಂತ ಮುಂದೆ. ಗಾಳಿಯಲ್ಲಿ ಶಲ್ಯ ಹಾರಿಸುತ್ತಾ ನಾಗರಿಕತೆಯ ಬಗ್ಗೆ ಮಾತಾಡುತ್ತಿದ್ದರು.

ಶರಣಪ್ಪ ಮಾತ್ರ ಬಳ್ಳಿ ನೋಡುತ್ತಿದ್ದ. ನಮ್ಮ ದ್ರಾಕ್ಷಿ ತಲೆಯ ಮೇಲೆ ಚಪ್ಪರದಲ್ಲಿ ತೂಗುತ್ತದೆ, ಅವರದು ಸೊಂಟದೆತ್ತರ. ಸೈಕಲ್ ಗೋಡೆಗೆ ಒರಗಿಸಿ, ಕುಕ್ಕರುಗಾಲಿನಲ್ಲಿ ಕೂತು, ಎಲೆ ತಿರುವಿ ಹಿಂದೆ ಮುಂದೆ ನೋಡಿ, ಇವರ ಬೆನ್ನು ಹ್ಯಾಂಗ ಉಳದಾವು ಎಂದ. ಅಲ್ಲೇ ಕೂತು ಅವನು ನನಗೆ ಹೇಳಿದ ಮಾತೊಂದನ್ನು ಬರೆಯಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಅವನ ತೋಟಕ್ಕೆ ಹಣ್ಣು ಕೊಳ್ಳಲು ದಲಾಲಿಗಳು ಬರುತ್ತಾರೆ. ಬಂದವನು ಒಂದು ಗೊನೆಯಿಂದ ಒಂದು ಹಣ್ಣು ಕಿತ್ತು, ಬಾಯಿಗೆ ಹಾಕಿ, ಜಗಿದು, ಥೂ ಎಂದು ಉಗುಳುತ್ತಾನೆ. ಸಿಹಿ ಇದ್ದರೂ ಉಗುಳುತ್ತಾನೆ. ಹಾಗೆ ಉಗುಳಿದರೆ ದರ ಇಳಿಯುತ್ತದೆ. ವರ್ಷವಿಡೀ ಸಾಕಿದ ಬಳ್ಳಿಯ ಬುಡಕ್ಕೆ ಆ ಜಗಿದ ಸಿಪ್ಪೆ ಬೀಳುವುದನ್ನು ಅವನು ನಿಂತು ನೋಡಬೇಕು. ಅದಕ್ಕೇ ಅವನ ಮನೆಯಲ್ಲಿ ಒಂದು ಕಟ್ಟಳೆ: ಬೆಳೆದವನ ಮುಂದೆ ಅವನ ಬೆಳೆಯನ್ನು ಯಾರೂ ಉಗುಳಬಾರದು. ಹುಳಿಯಿರಲಿ, ಕಹಿಯಿರಲಿ, ಬಾಯಿಗೆ ಹೋದದ್ದು ಹೊಟ್ಟೆಗೆ ಹೋಗಬೇಕು. ಮಕ್ಕಳಿಗೂ ಹಾಗೇ ಕಲಿಸಿದ್ದೇನೆ ಎಂದ. "ಉಗುಳೂದು ದಲಾಲಿ ಕೆಲಸವಾ ತಂಗಿ, ಒಕ್ಕಲಗ್ಯಾನ ಕೆಲಸಲ್ಲ."

ಮೂರನೆಯ ದಿನವೋ ನಾಲ್ಕನೆಯ ದಿನವೋ ಒಂದು ಹಳೆಯ ಮನೆಯ ನೆಲಮಾಳಿಗೆಗೆ ಇಳಿದೆವು. ತಂಪು, ಗೋಡೆಯ ಮೇಲೆ ಕಪ್ಪು ಬೂಷ್ಟು, ಸಾಲಾಗಿ ಮಲಗಿಸಿದ ಮರದ ಪೀಪಾಯಿಗಳು. ಮನೆಯೊಡತಿ ಒಬ್ಬ ಮುದುಕಿ. ಆ ವರ್ಷದ ಕೊಯ್ಲು ಆಗಷ್ಟೇ ಮುಗಿದಿತ್ತು, ಬೆರಳ ಸಂದಿಗಳಲ್ಲೆಲ್ಲ ದ್ರಾಕ್ಷಿಯ ಕಲೆ. ತನ್ನ ಗಂಡ ನೆಟ್ಟ ಬಳ್ಳಿ, ತಾನು ಕೊಯ್ದ ಹಣ್ಣು ಎಂದು ಆಕೆ ಹೇಳಿದ್ದನ್ನು ನಾನು ಕನ್ನಡಕ್ಕೆ ತಂದೆ. ಒಂದು ಪೀಪಾಯಿಯ ಮೇಲೆ ಗಾಜಿನ ಲೋಟಗಳು, ಪಕ್ಕದಲ್ಲಿ ಒಂದು ತಗಡಿನ ಬಕೆಟ್ಟು. ಅಲ್ಲಿನ ಪದ್ಧತಿ ಹಾಗೆ: ರುಚಿ ನೋಡಲು ಬಂದವರು ಒಂದು ಗುಟುಕು ಬಾಯಿಯಲ್ಲಿ ತಿರುವಿ ಬಕೆಟ್ಟಿಗೆ ಉಗುಳಬೇಕು, ಇಲ್ಲದಿದ್ದರೆ ಹತ್ತು ನೆಲಮಾಳಿಗೆ ಇಳಿಯುವಷ್ಟರಲ್ಲಿ ಮನುಷ್ಯ ನೆಲಕ್ಕೇ ಬೀಳುತ್ತಾನೆ. ಡಾಕ್ಟರು ದೂರದಿಂದಲೇ ಗುರಿಯಿಟ್ಟು ಉಗುಳಿ ಮುದುಕಿಯನ್ನು ಬೆರಗುಗೊಳಿಸಿದರು, ಅಭ್ಯಾಸಬಲ. ಸಾಹುಕಾರರಿಗೆ ಬಕೆಟ್ಟು ಕಾಣಿಸಲೇ ಇಲ್ಲ, ಅವರು ಮೂರು ಲೋಟ ನುಂಗಿ ನಾಲ್ಕನೆಯದಕ್ಕೆ ಕೈಚಾಚಿದರು. ಸರ್ ಬಾಯಿ ತುಂಬಿಕೊಂಡು, ಕಣ್ಣು ಮುಚ್ಚಿ, ಗಲಗಲ ತಿರುವಿ, ಉಗುಳಿದರು. ಒಂದು ಎಳೆ ಗಡ್ಡದ ತನಕ ಇಳಿಯಿತು, ಶಲ್ಯದಿಂದ ಒರೆಸಿಕೊಂಡರು. ಒಂದು ಹನಿಯನ್ನೂ ನುಂಗಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಅವರು ಕಪಟಿಯಾಗಿದ್ದರೆ, ಅಲ್ಲಿ ಕದ್ದು ಕುಡಿದು ಇಲ್ಲಿ ಬೋಧಿಸುವ ಮಾಮೂಲಿ ಮನುಷ್ಯನಾಗಿದ್ದರೆ, ನನಗೆ ಇಷ್ಟು ಹೇಸಿಗೆ ಹುಟ್ಟುತ್ತಿರಲಿಲ್ಲ.

ಮುದುಕಿ ಶರಣಪ್ಪನ ಮುಂದೆ ಲೋಟ ಹಿಡಿದಳು. ಅವನು ಕೈಮುಗಿದ. ಒಲ್ಲೆ ರೀ, ಸರ್ ಜೋಳಿಗ್ಯಾಗ ಹಾಕೀನಿ ಎಂದು ನನಗೆ ಹೇಳಿದ. ನಾನು ಆಕೆಗೆ ಹೇಳಿದೆ. ಆಕೆ ತಲೆಯಾಡಿಸಿ ಲೋಟ ಕೆಳಗಿಟ್ಟಳು. ಅಲ್ಲಿಗೆ ಮುಗಿಯಿತು. ಮುಗಿಯಬೇಕಿತ್ತು. ಆದರೆ ಸುತ್ತ ಜನ ನೆರೆದಿದ್ದರು, ಎದುರಿಗೆ ಒಬ್ಬ ಬೇಡ ಎಂದಿದ್ದ. ಸರ್ ಕೈಗೆ ವಿರೋಧದ ಚೀಟಿ ಬಂದಂತಾಯಿತು.

"ಕುಡಿ ಅಂತ ಯಾರ ಅಂದ್ರೋ ನಿನಗ?" ಎಂದರು. "ಬಾಯಾಗ ಹಾಕ್ಕೋ, ತಿರುವು, ಉಗುಳು. ಮುಂಜಾನಿ ಹಲ್ಲ ತಿಕ್ಕತಿ, ಪೇಸ್ಟ್ ಉಂಡಂಗಾತೇನು?"

ಎಲ್ಲರೂ ನಕ್ಕರು. ಶರಣಪ್ಪನೂ ನಕ್ಕ. ಸರ್, ಅವ್ರು ಬ್ಯಾಡ ಅಂದಾರ, ಬಿಡ್ರಿ ಎಂದೆ ನಾನು. ಅವರು ಎರಡು ಬೆರಳು ಎತ್ತಿದರು. ಎರಡು ಬೆರಳು ಎಂದರೆ ಎರಡು ಅಂಶ. ಬೇವಿನ ಮರದ ಕೆಳಗೆ ಕಲಿತವರಿಗೆ ಅದು ಗೊತ್ತು. ಮೊದಲನೆಯದು, ಇವನು ಬೆಳೆಗಾರ, ಕಲಿಯಲು ಬಂದವನು. ಅಡಿಗೆಯವ ಉಪ್ಪು ನೋಡಲಾರೆ ಎಂದರೆ ಯಾರು ಉಣ್ಣುತ್ತಾರೆ? ಎರಡನೆಯದು, ಬಕೆಟ್ಟಿಗೆ ಅಂಜುವ ಸಂಯಮ ಅದೆಂಥ ಸಂಯಮ? ತಾನು ಉಗುಳಿದೆನಲ್ಲ, ತನಗೇನಾಯಿತು? ನನಗೆ ಸಿಟ್ಟು ನೆತ್ತಿಗೇರಿತ್ತು.

"ಈ ಪರೀಕ್ಷಾ ಯಾರಿಗೆ ಬೇಕಾಗೇತ್ರಿ ಸರ್? ಅವ್ರಿಗೋ, ನಿಮಗೋ?" ಎಂದೆ.

ಅದು ಸರಿಯಾದ ಪ್ರಶ್ನೆಯಾಗಿತ್ತು. ಅವರ ಕಣ್ಣುಗಳು ಒಂದು ಗಳಿಗೆ ಕಿರಿದಾದವು. ಆಮೇಲೆ ತೋರುಬೆರಳಿನಿಂದ ಖಾಲಿ ಲೋಟವನ್ನು ಟಣ್ ಎನಿಸಿ, "ನಿನ್ನ ವ್ಯಾಳ್ಯಾ ಮುಗೀತು, ಕುಂದ್ರು" ಎಂದರು. ನೆಲಮಾಳಿಗೆಯೆಲ್ಲ ನಗು. ಏನೂ ತಿಳಿಯದ ಮುದುಕಿಯೂ ನಕ್ಕಳು. ಸಭೆ ನಕ್ಕಿತು, ನಾನು ಸೋತೆ. ಆ ನಗುವಿನ ಮಧ್ಯೆಯೇ ಶರಣಪ್ಪ ಲೋಟ ತೆಗೆದುಕೊಂಡ. ತನ್ನ ಚಟ ಯಾರ ಜೋಳಿಗೆಯಲ್ಲಿತ್ತೋ ಅವರೇ ಹಿಡಿ ಎನ್ನುವಾಗ ಅವನು ಇನ್ನಾರನ್ನು ಕೇಳಬೇಕಿತ್ತು?

ಬಾಯಿಗೆ ಹಾಕಿಕೊಂಡ. ತಿರುವಿದ. ಬಕೆಟ್ಟಿನ ಮೇಲೆ ಬಾಗಿದ. ಬಾಗಿದವನು ಕಣ್ಣೆತ್ತಿ ನೋಡಿದ; ಮುದುಕಿ ಎದುರಿಗೇ, ಕಲೆಯಾದ ಕೈಗಳನ್ನು ಒಂದರಲ್ಲೊಂದು ಹಿಡಿದುಕೊಂಡು, ಅವನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಬೆಳೆಗಾರನೊಬ್ಬ ತನ್ನ ಬೆಳೆಗೆ ಏನೆನ್ನುತ್ತಾನೆ ಎಂದು. ಅವನ ಗಲ್ಲ ಉಬ್ಬಿಕೊಂಡೇ ಇತ್ತು. ಎಷ್ಟು ಹೊತ್ತು ಹಾಗಿದ್ದನೋ. ಆಮೇಲೆ ನೆಟ್ಟಗಾದ, ಗಂಟಲು ಮೇಲೆ ಕೆಳಗೆ ಆಯಿತು, ಆಕೆಗೆ ಕೈಮುಗಿದ. ಛಲೋ ಐತವ್ವ ಎಂದ.

ನಾನು ಹತ್ತಿರ ಹೋದಾಗ ಅವನ ಕಣ್ಣಲ್ಲಿ ನೀರಿತ್ತು. "ಆಕಿ ಬೆಳದದ್ದು, ಆಕಿ ಮುಂದ ಹ್ಯಾಂಗ ಉಗುಳಲಿ ತಂಗಿ?" ಎಂದ.

ಎರಡನೆಯ ಲೋಟಕ್ಕೆ ವಾದ ಬೇಕಾಗಲಿಲ್ಲ. ಸಂಜೆ ನಾವು ಇಳಿದುಕೊಂಡಿದ್ದ ಛತ್ರದಂಥ ಹೋಟೆಲಿನಲ್ಲಿ ಸಾಹುಕಾರರು ಅವನಿಗೆ ಬಗ್ಗಿಸಿ ಬಗ್ಗಿಸಿ ಕೊಟ್ಟರು, ಮೊದಲ ಸಲ ಅವನನ್ನು ಅಣ್ಣಾ ಎಂದು ಕರೆದರು. ಮರುದಿನದಿಂದ ಅವನು ಬಳ್ಳಿ ನೋಡುವುದನ್ನು ಬಿಟ್ಟ. ಸೈಕಲ್ಲನ್ನು ನೆಲಮಾಳಿಗೆಗಳ ಬಾಗಿಲಿಗೆ ಒರಗಿಸುವುದನ್ನು ಕಲಿತ. ಸರ್ ಒಂದೇ ಮಾತು ಹೇಳಿದರು: "ನಾ ಉಗುಳಂದಿದ್ದೆ. ನುಂಗಿದ್ದು ಅವ." ಅದು ಅವರ ಪಕ್ಷದ ದಾಖಲೆಯಾಯಿತು. ಪ್ರವಾಸ ಮುಗಿಯುವ ತನಕ ಯಾರು ಕೇಳಿದರೂ ಅದನ್ನೇ ಹೇಳಿದರು. ಕೊನೆಗೆ ಯಾರೂ ಕೇಳದಿದ್ದರೂ ಹೇಳಿದರು.

ಊರಿಗೆ ಬಂದ ಮೇಲೆ ಅವರು ಒಂದು ಭಾಷಣ ಸಿದ್ಧಮಾಡಿಕೊಂಡರು. ದ್ರಾಕ್ಷಾರಸದ ನಾಡಿನಲ್ಲಿ ಸಂಯಮ ಎಂದು ಅದರ ಹೆಸರು. ಯಲಬುರ್ಗಾದ ಒಂದು ಮದ್ಯವರ್ಜನ ಶಿಬಿರದಲ್ಲಿ ನಾನೇ ಅದನ್ನು ಕೇಳಿದೆ. ಜಮಖಾನದ ಮೇಲೆ ಕೂತ, ಕೈ ನಡುಗುತ್ತಿದ್ದ ಗಂಡಸರಿಗೆ ಅವರು ಬಕೆಟ್ಟಿನ ಕಥೆ ಹೇಳುತ್ತಿದ್ದರು. ಕಣ್ಣೆದುರಿಗೆ ಸಮುದ್ರ, ಬಾಯೊಳಗೆ ಸಮುದ್ರ, ಆದರೂ ಗಂಟಲಿಗೆ ಇಳಿಸದೆ ಉಗುಳುವ ಜನ, ಅದೇ ಸಂಸ್ಕೃತಿ ಎಂದರು. ತಾವು ಹೇಗೆ ಉಗುಳಿದರೆಂದು ಗಲ್ಲ ಉಬ್ಬಿಸಿ ತೋರಿಸಿದರು. ಗಂಡಸರು ನಕ್ಕರು. ತುಟಿಯ ಮೂಲೆಯಲ್ಲಿ ನೊರೆ, ಶಲ್ಯದ ತುದಿ. ಶರಣಪ್ಪನ ಹೆಸರು ಆ ಭಾಷಣದಲ್ಲಿ ಇರಲಿಲ್ಲ. ನಾನು ಎದ್ದು ಹೊರಗೆ ಹೋಗಿ ಬಾಯಿ ತೊಳೆದುಕೊಂಡೆ.

ಹನುಮಸಾಗರದಿಂದ ನೀಲವ್ವ ಫೋನು ಮಾಡಿದಳು. ಹೋದವನೇ ಬೇರೆ, ಬಂದವನೇ ಬೇರೆ ಎಂದಳು. ಸಂಜೆ ಸೈಕಲ್ ಹತ್ತುತ್ತಾನೆ, ಆದರೆ ಕುಷ್ಟಗಿಯ ತನಕ ಮುಟ್ಟುವುದಿಲ್ಲ. ದಾರಿಯ ಅಂಗಡಿಯಲ್ಲಿ ಇಳಿಯುತ್ತಾನೆ. ಬ್ಯಾಟರಿಗೆ ಹೊಸ ಸೆಲ್ಲು ಹಾಕಿಸಿದ್ದೇನೆ ಎಂದಳು. ಅವಳಿಗೆ ಬೇಕಾದ್ದು ಒಂದೇ: ಸರ್ ಇನ್ನೊಮ್ಮೆ ಜೋಳಿಗೆ ಹಿಡಿಯಬೇಕು. ಅವನೂ ಒಪ್ಪಿದ್ದಾನೆ, ಕೇಳುವುದಕ್ಕೆ ಅವನಿಗೆ ನಾಚಿಕೆ. ನೀ ಮಾತಾಡಾಕಿ, ನೀ ಬಾ ಎಂದಳು.

ಹೋದೆವು. ಕೊಪ್ಪಳದ ಅವರ ಮನೆಯ ಪಡಸಾಲೆಯಲ್ಲಿ ನಾಲ್ಕಾರು ಜನ ಕೂತಿದ್ದರು, ಯಾವುದೋ ಸನ್ಮಾನದ ಮಾತು ನಡೆದಿತ್ತು. ಜೋಳಿಗೆ ಬಾಗಿಲ ಹಿಂದಿನ ಮೊಳೆಗೆ ತೂಗುತ್ತಿತ್ತು. ನನ್ನ ಮಾತಿಗೆ ಕಾಯದೆ ಶರಣಪ್ಪ ತಾನೇ ಕೇಳಿದ. ನೆಲದ ಮೇಲೆ ಕೂತು, ಇನ್ನೊಮ್ಮೆ ಹಿಡೀರಿ ಸರ್, ಈ ಸಲ ಬಿಡಂಗಿಲ್ಲ ಎಂದ. ದೊಡ್ಡ ಗಂಡಸು ಅಷ್ಟು ಸಣ್ಣ ದನಿಯಲ್ಲಿ ಕೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಸರ್ ಎದ್ದರು. ಮೊಳೆಯ ಹತ್ತಿರ ಹೋದರು. ಜೋಳಿಗೆಯ ಮೇಲೆ ಕೈಯನ್ನೂ ಇಟ್ಟರು. ಅಲ್ಲಿ ನಿಂತಾಗ ಸರ್‌ಗೆ ಏನೋ ಹೊಳೆಯಿತು. ಇನ್ನೊಮ್ಮೆ ಹಿಡಿದರೆ, ಮೊದಲು ಹಾಕಿದ್ದು ಹೊರಗೆ ಬಿದ್ದಿದೆ ಎಂದು ಒಪ್ಪಿದಂತೆ. ಎಲ್ಲಿ ಬಿತ್ತು, ಯಾರು ಬೀಳಿಸಿದರು ಎಂದು ಪಡಸಾಲೆಯವರು ಕೇಳುತ್ತಾರೆ. ಇದು ನನ್ನ ಊಹೆ, ಪುರಾವೆ ಇಲ್ಲ. ಪುರಾವೆ ಇರುವುದು ಅವರು ತಿರುಗಿ ಆಡಿದ ಮಾತಿಗೆ ಮಾತ್ರ.

"ನೀ ಹಾಕಿದ್ದನ್ನ ನಾ ತಿರುಗಿ ಕೊಟ್ಟೀನೇನು? ಇಲ್ಲಲ್ಲ. ಹಂಗಾದ್ರ ಅದಿನ್ನೂ ಇದರಾಗ ಐತಿ. ಒಳಗಿದ್ದದ್ದನ್ನ ಎರಡನೇ ಸಲ ಹ್ಯಾಂಗ ಹಾಕ್ತಿ ಶರಣಪ್ಪ?"

ಪಡಸಾಲೆಯವರು ಮೆಚ್ಚಿ ನಕ್ಕರು. ವಾಹ್ ಸರ್ ಎಂದ ಒಬ್ಬ. ಕೊಟ್ಟ ಮಾತಿಗೆ ಗಟ್ಟಿ ನಿಲ್ಲು, ಮನಸ್ಸು ಗಟ್ಟಿ ಮಾಡು, ಎಲ್ಲ ನಿನ್ನೊಳಗೇ ಐತಿ ಎಂದು ಸರ್ ಅವನ ಬೆನ್ನು ತಟ್ಟಿದರು. ನಾನು ಬಾಯಿ ತೆರೆದೆ; ಅವರ ಎರಡು ಬೆರಳು ಮೇಲೆದ್ದವು. ಶರಣಪ್ಪ ಅಷ್ಟರಲ್ಲಿ ಎದ್ದು ನಿಂತು, ಸರ್ ಹೇಳೂದು ಬರೋಬ್ಬರಿ ಐತಿ ಬಿಡ್ರಿ ಎಂದು ನಕ್ಕು, ಚಪ್ಪಲಿ ಮೆಟ್ಟಿಕೊಂಡ. ಅವರ ಜೊತೆ ನಾನೂ ಹನುಮಸಾಗರದ ಬಸ್ಸು ಹತ್ತಿದೆ; ಕುಷ್ಟಗಿಯಲ್ಲಿ ಬಸ್ಸು ನಿಂತಾಗ ಇಳಿದ ಶರಣಪ್ಪ ಮತ್ತೆ ಹತ್ತಲಿಲ್ಲ. ನೀಲವ್ವ ಕಿಟಕಿಯಿಂದ ನೋಡುತ್ತಿದ್ದಳು, ಕೂಗಲಿಲ್ಲ. ಅವತ್ತೇ ಹುಲಿಗೆಮ್ಮನ ಮುಂದ ಮಾಡಿಸಿದ್ರ ಛಲೋ ಆಗ್ತಿತ್ತು, ಅವ್ವ ಸುಮ್ನಾದ್ರೂ ಇರ್ತಿದ್ದಳು ಎಂದು ಅಷ್ಟೇ ಅಂದಳು.

ಜನ ನನ್ನನ್ನು ಕೇಳುತ್ತಾರೆ: ಕುಡಿದವನು ಅವನು, ಸರ್ ಮೇಲೆ ಯಾಕೆ ಹಲ್ಲು ಕಡಿಯುತ್ತೀ? ಒಳ್ಳೆಯ ಪ್ರಶ್ನೆ. ಲೋಟ ಹಿಡಿದ ಕೈ ಅವನದೇ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮುಳುಗುವವನು ಹಗ್ಗ ಕೇಳಿದಾಗ, ಹಿಂದೆ ಕೊಟ್ಟ ಹಗ್ಗ ಇನ್ನೂ ನಿನ್ನ ಬಳಿಯೇ ಇದೆ ಎಂದು ಸಾಧಿಸಿ, ದಂಡೆಯವರಿಂದ ಚಪ್ಪಾಳೆ ಹೊಡೆಸಿಕೊಳ್ಳುವವನನ್ನು ಏನೆಂದು ಕರೆಯಬೇಕು? ವಾಗ್ಮಿ ಎಂದು ಕರೆದರು. ನುಡಿನಮನದ ಬ್ಯಾನರಿನ ಮೇಲೆ ಅದೇ ಇತ್ತು.

ಎದೆನೋವೆಂದು ಮಲಗಿದ ಸರ್ ಏಳಲಿಲ್ಲವಂತೆ. ಸುದ್ದಿ ಕೇಳಿ ಅಳು ಬರಲಿಲ್ಲ. ಬೇವಿನ ಮರ ನೆನಪಾಯಿತು, ಅದರ ಹಿಂದೆಯೇ ಶಲ್ಯದ ತುದಿ.

ಸಭೆಯಲ್ಲಿ ಅವರ ಫೋಟೊದ ಮುಂದೆ ಮೇಜಿನ ಮೇಲೆ ಜೋಳಿಗೆಯನ್ನು ಬಾಯಿ ತೆರೆದು ಇಟ್ಟಿದ್ದರು. ಬಂದವರು ಫೋಟೊಗೆ ಕೈಮುಗಿದು, ಹಿಡಿ ಹೂವಿನ ಎಸಳನ್ನು ಜೋಳಿಗೆಗೆ ಹಾಕಿ ಹೋಗಬೇಕು. ಡಾಕ್ಟರು ಹಾಕಿದರು, ಗಲ್ಲದಲ್ಲಿ ಗುಟ್ಕಾ ಇದ್ದದ್ದರಿಂದ ತುಟಿ ಬಿಚ್ಚದೆ. ಸಾಹುಕಾರರು ಹಾಕುವಾಗ ಫೋಟೊ ತೆಗೆಸಿಕೊಂಡರು. ಮೇಜುಗಂಟೆಯೂ ಅಲ್ಲೇ ಇತ್ತು. ಮಾತು ಉದ್ದವಾದರೆ ನಿರೂಪಕ ಅದನ್ನು ಬಾರಿಸುತ್ತಿದ್ದ, ಸರ್ ಇದ್ದಿದ್ರ ಹಿಂಗ ಬಾರಸ್ತಿದ್ರು ಎಂದು ಪ್ರತಿಸಲವೂ ಹೇಳುತ್ತಿದ್ದ. ಮರದ ಕೆಳಗಿನ ದೀಪದವರು ಮಾತು ಮುಗಿಸುವ ಹೊತ್ತಿಗೆ ಪಕ್ಕದ ಬಾಗಿಲಿನಿಂದ ನೀಲವ್ವ ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಹೂವಿಲ್ಲ. ಹಳ್ಳಿಯಿಂದ ಬಂದ ಭಕ್ತೆಯೆಂದು ಎಲ್ಲರೂ ದಾರಿ ಬಿಟ್ಟರು, ಒಬ್ಬ ಎಸಳಿನ ತಟ್ಟೆಯನ್ನೂ ಮುಂದೆ ಹಿಡಿದ.

ಅವಳು ತಟ್ಟೆ ಮುಟ್ಟಲಿಲ್ಲ. ಜೋಳಿಗೆಯನ್ನು ಎತ್ತಿದಳು. ತಳ ಹಿಡಿದು ಬೋರಲು ಹಾಕಿದಳು. ಎಸಳೆಲ್ಲ ಮೇಜಿನ ಮೇಲೆ ಸುರಿಯಿತು. ಎರಡು ಸಲ ಕೊಡವಿದಳು. ಒಳಗನ್ನು ಹೊರಗೆ ಮಾಡಿ, ಮೂಲೆಯ ಹೊಲಿಗೆಗಳನ್ನೂ ಬೆರಳಿನಿಂದ ತಡಕಿ, ಆಮೇಲೆ ಸಭೆಯ ಕಡೆಗೆ ಹಿಡಿದು ತೋರಿಸಿದಳು. ಯಾರನ್ನೂ ಉದ್ದೇಶಿಸದೆ, ಅಕ್ಕಿ ಹಸನು ಮಾಡುತ್ತಾ ಆಡುವವಳ ದನಿಯಲ್ಲಿ ಅಂದಳು:

"ಇದರಾಗ ಐತಿ ಅಂದಿದ್ರು. ನೋಡ್ರಿ, ಏನೂ ಇಲ್ಲ."

ಎಷ್ಟೋ ವೇದಿಕೆಗಳಲ್ಲಿ ಖಂಡನೆಗಳನ್ನು ಕೇಳಿದ್ದೇನೆ, ಕೆಲವನ್ನು ನಾನೇ ಮಾಡಿದ್ದೇನೆ. ಇದಕ್ಕೆ ಸಮನಾದದ್ದನ್ನು ಕೇಳಿಲ್ಲ. ಯಾರೂ ನಗಲಿಲ್ಲ. ನಿರೂಪಕನ ಕೈ ಗಂಟೆಯ ಮೇಲೆ ಹೋಗಿ ಅಲ್ಲೇ ನಿಂತಿತು. ಅವಳು ಜೋಳಿಗೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಬಂದ ಬಾಗಿಲಿನಿಂದಲೇ ಹೋದಳು. ಬಾಗಿಲಲ್ಲಿದ್ದವನೊಬ್ಬ, ಬೇ, ಅದು ಸಭಾದ್ದು ಎಂದದ್ದಕ್ಕೆ ಹಿಂದೆ ತಿರುಗಿ ನೋಡಲಿಲ್ಲ. ನಾನೂ ಎದ್ದು ಹೊರಗೆ ಬಂದೆ.

ಸಭಾಂಗಣದ ಗೋಡೆಯ ನೆರಳಿನಲ್ಲಿ ಶರಣಪ್ಪ ಕುಕ್ಕರುಗಾಲಿನಲ್ಲಿ ಕೂತಿದ್ದ, ಆ ಬಳ್ಳಿಗಳ ಮುಂದೆ ಕೂತಿದ್ದ ಹಾಗೆಯೇ. ಮುಖ ಊದಿತ್ತು. ಒಳಗೆ ಬರಲು ಧೈರ್ಯ ಸಾಲದೆ ಅಲ್ಲೇ ಉಳಿದಿದ್ದ. ನೀಲವ್ವ ಅವನ ಮುಂದೆ ನಿಂತು ಜೋಳಿಗೆಯ ಬಾಯಿ ತೆರೆದಳು. ಒಂದು ಕೈಯಲ್ಲಿ ಸೆರಗು ಹಿಡಿದಿದ್ದರಿಂದ ಬಾಯಿ ಪೂರ್ತಿ ತೆರೆಯಲಿಲ್ಲ, ಒಂದು ಕಡೆ ಜೋತಿತು.

ಅವನು ನನ್ನನ್ನು ನೋಡಿದ, ರಸ್ತೆಯ ಕಡೆ ನೋಡಿದ. ಅಂಗಿಯ ಕಿಸೆಯಲ್ಲಿ ಮದ್ಯದ ಪ್ಯಾಕೆಟ್ಟು ಚೌಕಾಗಿ ಉಬ್ಬಿತ್ತು. ಕೈ ಅಲ್ಲಿಗೆ ಹೋಯಿತು. ಮಂದಿ ನೋಡಾಕತ್ತಾರ ಎಂದ.

"ನೋಡ್ಲಿ" ಎಂದಳು ಅವಳು.

ಒಳಗೆ ಗಂಟೆ ಬಾರಿಸಿದರು. ಮೈಕಿನಲ್ಲಿ ನನ್ನ ಹೆಸರು ಕರೆದರು, ಸರ್ ಅವರ ನೆಚ್ಚಿನ ಶಿಷ್ಯೆ ಎಂದರು, ಮತ್ತೊಮ್ಮೆ ಕರೆದರು. ನಾನು ಜೋಳಿಗೆಯ ಜೋತುಬಿದ್ದ ಅಂಚನ್ನು ಹಿಡಿದು ಮೇಲೆತ್ತಿದೆ. ಅವನ ಕೈ ಇನ್ನೂ ಕಿಸೆಯಲ್ಲೇ ಇತ್ತು. ನೀಲವ್ವ, ನಾನು ಇಬ್ಬರೂ ಜೋಳಿಗೆ ಹಿಡಿದುಕೊಂಡು ನಿಂತೆವು.